ಬೆಲ್ಲ ಯಾವೂರಿಂದ್ರಿ?

ಅಥಣಿಯಿಂದ ವಿಜಯಪುರದ ಹಾದಿ ಹಿಡಿಯಿರಿ, ಮಿರಜದ ಹಾದಿ ಹಿಡಿಯಿರಿ, ಈಗೀಗ ಕಣ್ಣಿಗೆ ಮೊದಲು ಬೀಳುವುದು ‘ಬೆಲ್ಲದ ಚಹಾ’ ಎಂಬ ಬೋರ್ಡು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಉಳಿದ ಹೆಸರುಗಳು: ಮಸಾಲಾ, ಬಾಸುಂದಿ, ಚಾಕೊಲೇಟ್, ಗುಲಾಬಿ, ತಂದೂರಿ, ಲೆಮನ್. ಹಿಂದೆ ಚಹಾದಂಗಡಿಯಲ್ಲಿ ಕೇಳುತ್ತಿದ್ದ ಮಾತು ಫುಲ್ಲೋ ಹಾಫೋ ಎಂಬುದಷ್ಟೇ. ಬಹಳವೆಂದರೆ ‘ಒಂದ್ ಸ್ಪೆಷಲ್ ಮಾಡ್ರಿ’ ಎನ್ನುತ್ತಿದ್ದರು, ಅದಕ್ಕೆ ಎರಡು ಯಾಲಕ್ಕಿ ಹೆಚ್ಚು ಬೀಳುತ್ತಿತ್ತು, ಹಾಲು ತುಸು ಗಟ್ಟಿ ಇರುತ್ತಿತ್ತು.

ಈ ಹೊಸ ರುಚಿಗಳ ಬಗ್ಗೆ ನನಗೆ ಅಸಡ್ಡೆ ಇಲ್ಲ. ಹೊಸದನ್ನು ಮಾಡುವ ಹುಮ್ಮಸ್ಸು ಒಳ್ಳೆಯದೇ. ನನ್ನ ತಕರಾರು ಕುಡಿಯುವ ನಮ್ಮ ಮೇಲೆ. ರೊಟ್ಟಿ ಮುರಿದು ಬಾಯಿಗಿಟ್ಟ ಕೂಡಲೇ ಇದು ಮಾಲದಂಡಿ ಜೋಳ ಹೌದೋ ಅಲ್ಲವೋ ಎಂದು ಹೇಳಬಲ್ಲ ಸೀಮೆ ಇದು. ಕಬ್ಬಿನ ಗಣಿಕೆ ಜಗಿದು ತಳಿ ಯಾವುದೆಂದು ಗುರುತಿಸುವ ರೈತರು ದರೂರ, ಸತ್ತಿ, ಸಪ್ತಸಾಗರದಂಥ ಹೊಳೆಸಾಲಿನ ಊರುಗಳಲ್ಲಿ ಈಗಲೂ ಇದ್ದಾರೆ. ಇಷ್ಟು ಸೂಕ್ಷ್ಮವಾದ ನಾಲಿಗೆ ಚಹಾದ ವಿಷಯಕ್ಕೆ ಬಂದರೆ ಮಾತ್ರ ‘ಛಲೋ ಇತ್ತು’, ‘ನೀರಾಗಿತ್ತು’ ಎಂಬ ಎರಡು ಮಾತಿಗೇ ಮುಗಿಸಿಬಿಡುತ್ತದೆ. ದಿನಕ್ಕೆ ನಾಲ್ಕಾರು ಬಾರಿ ಕುಡಿಯುವ ಪದಾರ್ಥಕ್ಕೆ ಇದು ಅನ್ಯಾಯ.

ಚಹಾದ ರುಚಿ ನೋಡುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಕೋಲ್ಕತ್ತ, ಗುವಾಹಟಿ, ಕೂನೂರು, ಕೊಚ್ಚಿಯ ಹರಾಜು ಕೇಂದ್ರಗಳಲ್ಲಿ ಬೆಲೆ ನಿಲ್ಲುವುದು ಅವರ ನಾಲಿಗೆಯ ಮೇಲೆ. ಆ ಕೆಲಸಕ್ಕೆ 1980ರಲ್ಲಿ ಒಂದು ಅಂತರರಾಷ್ಟ್ರೀಯ ಮಾನಕವೂ ಬಂತು, ಐಎಸ್‌ಒ 3103. ಪ್ರತಿ 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, 6 ನಿಮಿಷ ನೆನೆಯಬೇಕು, ಆಮೇಲೆ ಸೋಸಬೇಕು. ಸೋಸಿದ್ದನ್ನು ರುಚಿಗಾರ ಚಮಚದಲ್ಲಿ ತೆಗೆದು ಜೋರಾಗಿ ಸದ್ದು ಮಾಡುತ್ತಾ ಎಳೆದುಕೊಳ್ಳುತ್ತಾನೆ, ಬಾಯಿತುಂಬ ಆಡಿಸುತ್ತಾನೆ, ಉಗುಳುತ್ತಾನೆ. ಆ ಸದ್ದು ಅವನ ಕೆಲಸದ ಭಾಗ. ಗಾಳಿಯ ಜೊತೆ ಬೆರೆತು ಹನಿಹನಿಯಾದ ಚಹಾದ ವಾಸನೆ ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದೇ. ನೆಗಡಿಯಾದ ದಿನ ಯಾವ ಚಹಾವಾದರೂ ಬರೀ ಬಿಸಿನೀರಿನ ಹಾಗೆ ಅನಿಸುವುದು ಅದಕ್ಕೇ.

ನಮ್ಮ ಕಡೆಯ ಹಿರಿಯರು ಬಶಿಯಲ್ಲಿ ಚಹಾ ಕುಡಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಈ ರುಚಿಗಾರನ ಪಟ್ಟು ಹೊಸದೆನಿಸದು. ಕಪ್ಪಿನಿಂದ ಬಶಿಗೆ ಅರ್ಧ ಸುರುವುತ್ತಾರೆ. ಬಶಿಯನ್ನು ಐದೂ ಬೆರಳಿನ ತುದಿಯ ಮೇಲೆ ಕೂರಿಸಿ ಒಮ್ಮೆ ಊದುತ್ತಾರೆ. ಆಮೇಲೆ ಅಂಚಿಗೆ ತುಟಿ ಹಚ್ಚಿ ‘ಸುರ್ರ್’ ಎಂದು ಎಳೆಯುತ್ತಾರೆ. ಅಗಲ ಬಶಿಯಲ್ಲಿ ಚಹಾ ಬೇಗ ಆರಿ ನಾಲಿಗೆ ಸುಡದ ಹದಕ್ಕೆ ಬರುತ್ತದೆ, ಎಳೆಯುವಾಗ ಗಾಳಿಯೂ ಬೆರೆಯುತ್ತದೆ. ಕುದಿಕುದಿ ಚಹಾದಲ್ಲಿ ನಾಲಿಗೆಗೆ ತಿಳಿಯುವುದು ಬಿಸಿಯೊಂದೇ. ಬಶಿಯಲ್ಲಿ ಆರಿದ ಚಹಾ ತನ್ನ ಒಗರು, ಸಿಹಿ, ಹಾಲಿನ ಹಳಸು, ಎಲ್ಲವನ್ನೂ ಒಪ್ಪಿಸಿಬಿಡುತ್ತದೆ. ಶಾಲೆಗೆ ಹೋಗಿ ಬಂದ ನಾವು ಸದ್ದು ಮಾಡಿ ಕುಡಿಯುವುದು ಸಭ್ಯತೆಯಲ್ಲ ಎಂದು ಅದನ್ನು ಬಿಟ್ಟೆವು, ಅಂಗಡಿಯವರು ಕಾಗದದ ಕಪ್ಪು ತಂದು ಬಶಿಯನ್ನೇ ಬಿಟ್ಟರು. ಹೊಸ ಅಂಗಡಿಯಲ್ಲಿ ಹೊಸ ರುಚಿ ಕೊಳ್ಳುವವರು ಮೊದಲ ಗುಟುಕನ್ನಾದರೂ ಆರಿಸಿ, ಸದ್ದು ಮಾಡಿ ಕುಡಿಯಬೇಕು ಎಂಬುದು ನನ್ನ ಕೋರಿಕೆ.

ಕುಡಿದು ನೋಡಬೇಕಾದ್ದೇನು? ಪರಿಮಳದ ಚಹಾಕ್ಕೆ ನಾನು ಹಚ್ಚುವ ಅಳತೆ ಒಂದೇ: ಪರಿಮಳ ಚಹಾದ ಹಿಂದೆ ಬರಬೇಕು, ಮುಂದೆ ಬರಬಾರದು. ಮೊದಲು ಎಲೆಯ ಒಗರು ನಾಲಿಗೆಗೆ ತಾಗಬೇಕು, ಅಲ್ಲವೋ ಯಾಲಕ್ಕಿಯೋ ಅದರ ಬೆನ್ನಿಗೆ ಬಂದು ಗಂಟಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಗರೇ ಇಲ್ಲದ ಮೇಲೆ ಅದು ಪರಿಮಳ ಹಾಕಿದ ಸಿಹಿ ಹಾಲು. ಅದೂ ಚಂದದ ಪೇಯವೇ, ಆದರೆ ಅದಕ್ಕೆ ಚಹಾದ ಹೆಸರು ಬೇಡ.

ಈ ಒಗರು ನಮ್ಮ ಚಹಾದಲ್ಲಿ ಉಳಿಯುವುದು ಕಷ್ಟದ ಮಾತು. ಹಾಲಿನ ಕೇಸಿನ್ ಎಂಬ ಪ್ರೋಟೀನು ಚಹಾದ ಒಗರಿನ ಅಂಶಗಳನ್ನು ಹಿಡಿದಿಟ್ಟುಕೊಂಡು ಮೆತ್ತಗಾಗಿಸುತ್ತದೆ. ಅದರಲ್ಲೂ ಇದು ಎಮ್ಮೆ ಹಾಲಿನ ನಾಡು. ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರದ ಕಡೆಯ ಪಂಢರಪುರಿ ಎಮ್ಮೆ ಗಡಿಯ ಈಚೆಯ ಊರುಗಳಿಗೂ ಪರಿಚಿತ, ಉದ್ದನೆಯ ಕೊಂಬುಗಳಿಂದಲೇ ಗುರುತು ಸಿಗುವ ತಳಿ. ಆಕಳ ಹಾಲಿನಲ್ಲಿ ಸಾಮಾನ್ಯವಾಗಿ ಶೇ 3ರಿಂದ 5ರಷ್ಟು ಕೊಬ್ಬಿದ್ದರೆ ಎಮ್ಮೆ ಹಾಲಿನಲ್ಲಿ ಶೇ 6ರಿಂದ 8ರಷ್ಟಿರುತ್ತದೆ. ಇಂಥ ದಪ್ಪ ಹಾಲನ್ನು ಇನ್ನಷ್ಟು ಬತ್ತಿಸಿ ಮಾಡುವ ಬಾಸುಂದಿ ಚಹಾದಲ್ಲಿ ಎಲೆಯ ದನಿ ಕೇಳಿಸಬೇಕಾದರೆ ಪುಡಿ ಹೆಚ್ಚು ಬೀಳಬೇಕು, ಖಡಕ್ ಪುಡಿಯೇ ಆಗಬೇಕು. ಸಿಟಿಸಿ ಎಂಬ ಕಾಳುಕಾಳಿನ ಪುಡಿ ಇಲ್ಲಿ ಮನೆಮನೆಯ ಡಬ್ಬಿ ಸೇರಿದ್ದಕ್ಕೆ ಇದೇ ಕಾರಣ. 1930ರ ಸುಮಾರಿಗೆ ಅಸ್ಸಾಮಿನ ಅಮಗುರಿ ತೋಟದಲ್ಲಿ ಮ್ಯಾಕ್‌ಕರ್ಚರ್ ಎಂಬವರು ರೂಪಿಸಿದ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುತ್ತಿತ್ತು. ಹಾಗೆ ಬಂದ ಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲಿನ ಎದುರು ನಿಲ್ಲುತ್ತದೆ. ಒಳ್ಳೆಯ ಬಾಸುಂದಿ ಚಹಾವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಅರ್ಧ ಕಪ್ಪು ಸಾಕು.

ಪರಿಮಳದ ವಿಷಯದಲ್ಲಿ ಪದಾರ್ಥಕ್ಕಿಂತ ಕ್ರಮ ದೊಡ್ಡದು. ಹಸಿ ಅಲ್ಲವನ್ನು ಹಾಲಿಗೆ ನೇರ ಹಾಕಿದರೆ ಒಡೆಯುವ ಭಯವಿದೆ. ಅದರಲ್ಲಿರುವ ಕಿಣ್ವವೊಂದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ನೀರಿನಲ್ಲಿ ಮೊದಲು ಚೆನ್ನಾಗಿ ಕುದ್ದರೆ ಕಿಣ್ವ ಸಾಯುತ್ತದೆ, ಖಾರ ಉಳಿಯುತ್ತದೆ. ಯಾಲಕ್ಕಿಯದು ಇದಕ್ಕೆ ತದ್ವಿರುದ್ಧ. ಅದರ ಎಣ್ಣೆ ಹಾರಿಹೋಗುವಂಥದು, ಮೊದಲೇ ಹಾಕಿ ಕುದಿಸಿದರೆ ಅಂಗಡಿಯೆಲ್ಲಾ ಘಮ್ಮೆನ್ನುತ್ತದೆ, ಕಪ್ಪಿನಲ್ಲಿ ಏನೂ ಇರುವುದಿಲ್ಲ. ಇಳಿಸುವ ಹೊತ್ತಿಗೆ ಜಜ್ಜಿ ಹಾಕಿ ಮುಚ್ಚಬೇಕು. ಹಿತ್ತಲಲ್ಲಿ ಬೆಳೆಯುವ ಗೌತಿ ಚಹಾದ ಹುಲ್ಲು ಇವೆರಡರ ನಡುವಿನದು: ಗಂಟು ಕಟ್ಟಿ ಡಿಕಾಕ್ಷನ್ನಿನಲ್ಲಿ ಒಂದೆರಡು ಕುದಿ ಬಂದರೆ ನಿಂಬೆಯ ವಾಸನೆ ಬಿಟ್ಟುಕೊಡುತ್ತದೆ, ಹೆಚ್ಚು ಕುದ್ದರೆ ಹಸಿ ಹುಲ್ಲಿನ ಘಾಟು. ಈ ಹುಲ್ಲನ್ನು ನಾವು ಚಹಾ ಎಂದು ಕರೆದರೂ ಅದು ಚಹಾ ಗಿಡದ ಕುಲದ್ದಲ್ಲ. ಆದರೂ ಅಲ್ಲ ಮತ್ತು ಗೌತಿ ಎಲೆ ಹಾಕಿದ ಮಳೆಗಾಲದ ಚಹಾದ ಮುಂದೆ ಪೊಟ್ಟಣದಲ್ಲಿ ಬರುವ ಲೆಮನ್ ಟೀ ನನಗೆ ಸಪ್ಪೆ.

ಹೊಸ ಬೋರ್ಡಿನ ರುಚಿಗಳಿಗೂ ಇದೇ ಅಳತೆ. ಚಾಕೊಲೇಟ್ ಚಹಾದಲ್ಲಿ ಕೋಕೋದ ಕಹಿ, ಎಲೆಯ ಒಗರು ಎರಡೂ ಒಂದೇ ಜಾಗಕ್ಕೆ ಜಗಳವಾಡುತ್ತವೆ, ಆ ಜಗಳ ಮುಚ್ಚಲು ಸಕ್ಕರೆ ಸುರಿಯುತ್ತಾರೆ. ಚಿಟಿಕೆ ಕೋಕೋ ಹಾಕಿ ಸಕ್ಕರೆ ಕಡಿಮೆ ಮಾಡಿದರೆ ಕುಡಿಯುವಂತಾಗುತ್ತದೆ. ತಂದೂರಿ ಚಹಾದಲ್ಲಿ ಕಾದ ಮಡಕೆಗೆ ಚಹಾ ಬಿದ್ದು ಉಕ್ಕುವಾಗಿನ ಮಣ್ಣು-ಹೊಗೆಯ ವಾಸನೆ ಮೊದಲ ಗುಟುಕಿಗೆ ಬಹಳ ಚಂದ. ಅಷ್ಟು ಕಾದ ಮಣ್ಣಿಗೆ ತಾಗಿದ ಹಾಲು ತುಸು ಸೀಯುತ್ತದೆ, ಕೊನೆಯ ಗುಟುಕಿನಲ್ಲಿ ಅದೇ ಉಳಿಯುತ್ತದೆ. ಗುಲಾಬಿ ಚಹಾ ನನಗೆ ಹಿಡಿಸೀತು ಎಂದುಕೊಂಡೇ ಕುಡಿದೆ, ಹಾಲು-ಗುಲ್ಕಂದ ತಿಂದು ಬೆಳೆದ ನಾಲಿಗೆಗೆ ಗುಲಾಬಿ ಹೊರಗಿನದಲ್ಲ. ಸಿಕ್ಕಿದ್ದು ಕೆಂಪು ಶರಬತ್ತಿನ ವಾಸನೆ. ಬಾಟಲಿಯ ಎಸೆನ್ಸಿಗೂ ಹೂವಿಗೂ ಇರುವ ಅಂತರ ಆರಿದ ಚಹಾದಲ್ಲಿ ಚೆನ್ನಾಗಿ ತಿಳಿಯುತ್ತದೆ. ಹೂವಿನದು ಚಹಾದ ಜೊತೆಗೇ ಇಳಿಯುತ್ತದೆ, ಎಸೆನ್ಸಿನದು ಒಂಟಿಯಾಗಿ ಉಳಿದು ಮೂಗಿಗೆ ಅಡರುತ್ತದೆ.

ಚೀನಾದಲ್ಲಿ ಹಳೆಯ ಕ್ರಮದಲ್ಲಿ ಮಲ್ಲಿಗೆ ಚಹಾ ಮಾಡುವವರು ಎಸೆನ್ಸು ಹಾಕುವುದಿಲ್ಲ. ಸಂಜೆಗೆ ಬಿರಿಯಲಿರುವ ಮೊಗ್ಗು ತಂದು ರಾತ್ರಿಯಿಡೀ ಒಣಗಿದ ಎಲೆಯ ಜೊತೆ ಹಾಸುತ್ತಾರೆ. ಹೂ ಬಿರಿಯುತ್ತಾ ಬಿಟ್ಟ ಗಂಧವನ್ನು ಎಲೆ ಹೀರುತ್ತದೆ. ಬೆಳಿಗ್ಗೆ ಬಾಡಿದ ಹೂವನ್ನು ತೆಗೆದು, ಮತ್ತೆ ಹೊಸ ಮೊಗ್ಗು. ಒಳ್ಳೆಯ ದರ್ಜೆಗೆ ಹೀಗೆ ಹಲವು ರಾತ್ರಿ. ಮೈಸೂರು, ಉಡುಪಿ, ಹಡಗಲಿ, ಮೂರು ಊರಿನ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಇರುವ ರಾಜ್ಯ ನಮ್ಮದು, ಚಿಕ್ಕಮಗಳೂರಿನ ಕೆಳಗೂರಿನಂಥ ಕಡೆ ಚಹಾ ತೋಟಗಳೂ ಇವೆ. ಹಡಗಲಿ ಮಲ್ಲಿಗೆಯಲ್ಲಿ ಮಲಗಿ ಎದ್ದ ಕನ್ನಡನಾಡಿನ ಚಹಾ ಒಂದು ಬಂದರೆ ಎಷ್ಟು ಚಂದ ಎಂದು ನನಗೆ ಆಸೆ.

ಇನ್ನು ಬೆಲ್ಲದ ಚಹಾಕ್ಕೆ ಬರುತ್ತೇನೆ. ಇದರ ಬಗ್ಗೆ ಮಾತಾಡುವ ಹಕ್ಕು ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಕಬ್ಬಿನ ಸಾಲಿಗೆ ಉಳಿದವರಿಗಿಂತ ಹೆಚ್ಚು ಎಂದೇ ನಾನು ನಂಬಿದ್ದೇನೆ. ಉಗಾರ ಖುರ್ದದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಬಂದು, ಮುಂದೆ ಸುತ್ತಮುತ್ತ ಒಂದರ ಹಿಂದೊಂದು ಕಾರ್ಖಾನೆಗಳೆದ್ದವು. ಬಿಳಿ ಸಕ್ಕರೆಯ ಚಹಾ ಬೀಗರಿಗೆ, ಅತಿಥಿಗಳಿಗೆ ಎಂದಾಯಿತು. ಹಾಲಿಲ್ಲದ ಬೆಲ್ಲದ ಡಿಕಾಕ್ಷನ್ ಹೊಲಕ್ಕೆ ಹೋಗುವವರಿಗೆ, ಕಬ್ಬು ಕಡಿಯುವ ಗ್ಯಾಂಗಿನವರಿಗೆ ಉಳಿಯಿತು. ಮನೆಗೆ ಬಂದವರಿಗೆ ಬೆಲ್ಲದ ಚಹಾ ಕೊಡಲು ಸಂಕೋಚಪಡುತ್ತಿದ್ದ ತಾಯಂದಿರನ್ನು ನನ್ನ ಓರಗೆಯವರೆಲ್ಲಾ ನೋಡಿದ್ದಾರೆ. ಅದೇ ಚಹಾ ಈಗ ಹೆದ್ದಾರಿಯ ಬೋರ್ಡಿನಲ್ಲಿ ಮೊದಲ ಸಾಲು. ನನಗೆ ಇದು ಸಂತೋಷದ ಸಂಗತಿ.

ಸಂತೋಷಕ್ಕೆ ಅಡ್ಡಿ ಬರುವುದು ಕಪ್ಪಿನೊಳಗೆ. ಎಷ್ಟೋ ಅಂಗಡಿಗಳಲ್ಲಿ ‘ಬೆಲ್ಲದ ಚಹಾ’ ಎಂದರೆ ಚೀಲದಲ್ಲಿ ಬರುವ ಪ್ರಿಮಿಕ್ಸ್ ಪುಡಿ. ಬಿಸಿ ಹಾಲಿಗೆ ಚಮಚ ಹಾಕಿ ಕಲಸಿದರೆ ಮುಗಿಯಿತು. ಹಾಲು ಒಡೆಯುವುದಿಲ್ಲ, ರುಚಿ ಪುಣೆಯಲ್ಲೂ ಅಷ್ಟೇ, ಅಥಣಿಯಲ್ಲೂ ಅಷ್ಟೇ. ಅಂಗಡಿ ನಡೆಸುವವರಿಗೆ ಅನುಕೂಲ, ಒಪ್ಪುತ್ತೇನೆ. ಆದರೆ ರಸ್ತೆಯಾಚೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋಗುತ್ತಿರುವಾಗ ಈಚೆ ಪೊಟ್ಟಣ ಹರಿದು ಬೆಲ್ಲದ ಚಹಾ ಕುಡಿಯುವುದು ನನಗೆ ನೋವಿನ ವಿಷಯ.

ಇಂಥದಲ್ಲಿ ಸರಿಯಾಗಿ ಮಾಡುವ ಒಂದು ಗಾಡಿಯ ಮುಂದೆ ನಿಂತು ನೋಡಿದ್ದೇನೆ. ಡಿಕಾಕ್ಷನ್ ಬೇರೆ, ಕಾಯಿಸಿದ ಹಾಲು ಬೇರೆ. ಎರಡೂ ಕೂಡಿ ಒಂದು ಉಕ್ಕು ಬಂದ ಮೇಲೆ ಪಾತ್ರೆ ಕೆಳಗಿಳಿಯಿತು. ಅಲ್ಲಿಯ ತನಕ ಬೆಲ್ಲದ ಸುದ್ದಿಯೇ ಇಲ್ಲ. ಉಕ್ಕು ಇಳಿದ ಮೇಲೆ ಡಬ್ಬಿಯಿಂದ ಕುಟ್ಟಿದ ಬೆಲ್ಲ ತೆಗೆದು ಹಾಕಿ ಹುಟ್ಟಿನಿಂದ ತಿರುವಿದರು.

“ಕಾಕಾ, ಮೊದಲ ಹಾಕಿದ್ರ ಏನಾಗ್ತದ್ರಿ?”

“ಹಾಲು ಸಿಟ್ಟಿಗೇಳ್ತಾವ್ರಿ.”

“ಬೆಲ್ಲ ಯಾವೂರಿಂದ್ರಿ?”

ಅವರು ಊರಿನ ಹೆಸರು ಹೇಳಿದರು, ಗಾಣ ಯಾವ ಹೊಲದಲ್ಲಿದೆ ಎಂಬುದನ್ನೂ ಹೇಳಿದರು. ಇಂಥ ಉತ್ತರ ಸಿಕ್ಕಿದ ಕಡೆ ಚಹಾ ಕೆಟ್ಟದ್ದಿರುವುದು ಅಪರೂಪ.

ಹಾಲಿನ ಸಿಟ್ಟಿಗೆ ಕಾರಣ ಬೆಲ್ಲದಲ್ಲಿರುವ ಹುಳಿಯ ಅಂಶ ಮತ್ತು ಲವಣಗಳು. ಕುದಿಯುವ ಹಾಲಿನಲ್ಲಿ ಅವು ಕೇಸಿನ್ ಅನ್ನು ಗಂಟು ಕಟ್ಟಿಸುತ್ತವೆ, ತುಸು ಆರಿದ ಮೇಲೆ ಆ ಕಾಟ ಕಡಿಮೆ. ಹುಳಿ ಎಷ್ಟಿದೆ ಎಂಬುದು ತೀರ್ಮಾನವಾಗುವುದು ಗಾಣದಲ್ಲಿ. ಕಬ್ಬು ಕಡಿದು ಎರಡು ದಿನ ಬಿಸಿಲಿಗೆ ಬಿದ್ದಿದ್ದರೆ ಕಬ್ಬಿನ ಹಾಲು ಹುಳಿಯತ್ತ ತಿರುಗಿರುತ್ತದೆ. ಅದನ್ನು ಸರಿದೂಗಿಸಲು ಸುಣ್ಣದ ತಿಳಿ ಹಾಕುತ್ತಾರೆ. ಮಡ್ಡಿ ಮೇಲೇಳಲು ಬೆಂಡೆ ಗಿಡದ ಲೋಳೆ ಬಿಡುತ್ತಾರೆ, ಎದ್ದದ್ದನ್ನು ತೆಗೆದೇ ತೆಗೆಯುತ್ತಾರೆ. ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಿನಲ್ಲಿ ಉಂಡೆ ಕಟ್ಟಿ ನೋಡುವುದು ಇಲ್ಲಿಯ ಕೈ ಲೆಕ್ಕ. ಬೆಲ್ಲ ಹಳದಿಯಾಗಿ ಹೊಳೆಯಬೇಕೆಂಬ ಪೇಟೆಯ ಹಟಕ್ಕೆ ‘ಹೈಡ್ರೋಸ್’ ಎಂಬ ರಾಸಾಯನಿಕ ಸೇರುವುದೂ ಈ ಹಂತದಲ್ಲೇ. ಅಂಥ ಬೆಲ್ಲದ ಚಹಾ ಮೂಗಿಗೆ ಬೆಂಕಿಪೊಟ್ಟಣದ ಕಡ್ಡಿ ಗೀರಿದಂಥ ಒಂದು ಚುರುಕು ಮುಟ್ಟಿಸುತ್ತದೆ. ಬೆಲ್ಲದ ವಾಸನೆ ಮಾತ್ರ ಇರುವುದಿಲ್ಲ.

ಬೆಲ್ಲಕ್ಕೆ ಮಣ್ಣಿನ ರುಚಿಯೂ ಇದೆ. ಕೃಷ್ಣೆಯ ದಂಡೆಯ ಕರಿಮಣ್ಣಿಗೆ ವರ್ಷಗಟ್ಟಲೆ ಅಳತೆ ಮೀರಿ ನೀರು ಹಾಯಿಸಿ ಎಷ್ಟೋ ಹೊಲ ಸವಳು-ಜವಳು ಹಿಡಿದಿವೆ. ಸವಳು ಹೊಲದ ಕಬ್ಬಿನ ಬೆಲ್ಲ ನಾಲಿಗೆಯ ಅಂಚಿಗೆ ಉಪ್ಪುಪ್ಪಾಗಿ ತಾಗುತ್ತದೆ, ಬಹಳ ದಿನ ಇಟ್ಟರೆ ಉಳಿಯುವುದೂ ಇಲ್ಲ. ಇದನ್ನು ಕಂಡುಹಿಡಿಯಲು ಹಾಲು ಬೇಡ, ಪುಡಿಯೂ ಬೇಡ. ಲೋಟದ ಬಿಸಿನೀರಿಗೆ ಒಂದು ಚೂರು ಬೆಲ್ಲ ಹಾಕಿ ಕರಗಿಸಿ ಕುಡಿದರೆ ಸಾಕು: ಉಪ್ಪು, ಹುಳಿ, ಸೀದ ವಾಸನೆ, ತಳದಲ್ಲಿ ಕೂರುವ ಮರಳು, ಎಲ್ಲ ತಿಳಿಯುತ್ತದೆ. ಇತ್ತೀಚೆಗೆ ಮನೆಯಲ್ಲಿ ಕಡುಕಂದು ಬೆಲ್ಲ, ಜೇನಿನ ಬಣ್ಣದ ಬೆಲ್ಲ, ತೆಳು ಹಳದಿ ಬೆಲ್ಲ ಮೂರನ್ನೂ ಒಂದೇ ಡಿಕಾಕ್ಷನ್ನಿಗೆ ಹಾಕಿ ಪಕ್ಕಪಕ್ಕ ಇಟ್ಟು ಕುಡಿದೆವು. ಕಡುಕಂದಿನದು ಕಾಕಂಬಿಯಷ್ಟು ಗಾಢ. ಯಾಲಕ್ಕಿಯನ್ನು ನುಂಗಿಬಿಡುತ್ತದೆ, ಅಲ್ಲದ ಜೊತೆ ಮಾತ್ರ ಜೋಡಿ ಸರಿಹೋಯಿತು. ತೆಳು ಹಳದಿಯದರಲ್ಲಿ ಸಿಹಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಜೇನಿನ ಬಣ್ಣದ್ದು ಹಾಲಿಗೂ ಒಗ್ಗಿತು, ಹಾಲಿಲ್ಲದ್ದಕ್ಕೂ ಒಗ್ಗಿತು, ಎಲೆಯ ಒಗರನ್ನು ಮುಚ್ಚಲಿಲ್ಲ. ಮನೆಯವರೆಲ್ಲ ಒಮ್ಮತದಿಂದ ಕೈ ಎತ್ತಿದ್ದು ಅದಕ್ಕೇ.

ಕೊಲ್ಲಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ನಮ್ಮ ಮಹಾಲಿಂಗಪುರದ ಬೆಲ್ಲದ ಪೇಟೆಗೂ ದೊಡ್ಡ ಹೆಸರಿದೆ. ಅಥಣಿಯ ಚಪ್ಪಲಿ ಎಲ್ಲಿಯದು, ಯಾರು ಹೊಲಿದದ್ದು ಎಂದು ಕೇಳಿ ಕೊಳ್ಳುವವರಿದ್ದಾರೆ. ಚಹಾದಂಗಡಿಯ ಬೋರ್ಡಿನಲ್ಲೂ ಬೆಲ್ಲ ಬಂದ ಊರಿನ ಹೆಸರು ಬರೆಯಲು ಖರ್ಚೇನೂ ಇಲ್ಲ. ಗಾಣದವರಿಗೆ ಅದರಿಂದ ನೇರ ಗಿರಾಕಿ ಸಿಗುತ್ತದೆ, ಹೈಡ್ರೋಸ್ ಇಲ್ಲದ ಕೆಂಪು ಬೆಲ್ಲಕ್ಕೆ ಬೆಲೆ ಬರುತ್ತದೆ.

ಪುಡಿಯ ಬಗ್ಗೆಯೂ ಒಂದು ಎಚ್ಚರ. ಬಣ್ಣ ಬೆರೆಸಿದ ಚಹಾಪುಡಿ ಕಪ್ಪಿನಲ್ಲಿ ಬಹಳ ಖಡಕ್ ಕಾಣುತ್ತದೆ, ಬಾಯಲ್ಲಿ ಒಗರಿರುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಟ್ಟ ಮನೆ ಪರೀಕ್ಷೆ ಸುಲಭ: ಸೋಸುವ ಕಾಗದದ ಮೇಲೆ ಪುಡಿ ಹರಡಿ ನೀರು ಚಿಮುಕಿಸಿ, ಪುಡಿ ತೆಗೆದು ಕಾಗದ ತೊಳೆದು ಬೆಳಕಿಗೆ ಹಿಡಿಯಿರಿ. ಗಾಢ ಕಲೆ ಉಳಿದರೆ ಆ ಪುಡಿ ಬೇಡ.

ಚಹಾದ ಜೊತೆಗಿನ ತಿಂಡಿಗೂ ರುಚಿಯ ಲೆಕ್ಕವಿದೆ. ಗೋಕಾಕದ ಕರದಂಟು ನನಗೆ ಪ್ರಾಣ, ಬೆಳಗಾವಿ ಕುಂದಾವೂ ಅಷ್ಟೇ. ಆದರೆ ಅವನ್ನು ತಿಂದ ನಾಲಿಗೆಗೆ ಬೆಲ್ಲದ ಚಹಾ ಬರೀ ಒಗರು ನೀರು ಅನಿಸುತ್ತದೆ, ಮುಂದಿನ ಸಿಹಿಯನ್ನು ಹಿಂದಿನ ಸಿಹಿ ತಿಂದಿರುತ್ತದೆ. ಬೆಲ್ಲದ ಚಹಾಕ್ಕೆ ಜೋಡಿ ಖಾರವೇ. ಜಯಸಿಂಗಪುರ, ಸಾಂಗ್ಲಿಯ ಕಡೆಯಿಂದ ಬರುವ ಭಡಂಗ, ಬೆಳ್ಳುಳ್ಳಿ-ಶೇಂಗಾ-ಒಣಮೆಣಸು ಹಚ್ಚಿದ ಚುರಮುರಿ, ಒಂದು ಮುಕ್ಕು ತಿಂದು ಒಂದು ಗುಟುಕು ಚಹಾ. ಅದ್ದಿ ತಿನ್ನಬೇಕೆಂದರೆ ಬೇಕರಿಯ ಖಾರಿ. ಪದರ ಪದರದ ಖಾರಿಯನ್ನು ಅದ್ದಿ ತಕ್ಷಣ ಎತ್ತಬೇಕು, ಹೊರಪದರ ನೆನೆದು ಒಳಗೆ ಗರಿಗರಿ ಉಳಿಯಬೇಕು. ಟೋಸ್ಟಿಗೆ ಇನ್ನಷ್ಟು ಹೊತ್ತು ಬೇಕು, ಬಟರ್ ಬಿಸ್ಕತ್ತು ಇನ್ನೂ ಗಟ್ಟಿ.

ಚಹಾವನ್ನೇ ತಿಂಡಿಯಾಗಿಸುವ ಹೊಸ ಹವ್ಯಾಸವೂ ಬಂದಿದೆ: ಚಹಾದ ಕುಲ್ಫಿ, ಚಹಾದ ಕೇಕು, ಮಸಾಲಾ ಚಹಾ ಬಿಸ್ಕತ್ತು. ಬಿಸ್ಕತ್ತಿನಲ್ಲಿ ನನಗೆ ಸಿಕ್ಕಿದ್ದು ಯಾಲಕ್ಕಿ ಮಾತ್ರ, ಒಲೆಯ ಬಿಸಿಗೆ ಎಲೆಯ ಪರಿಮಳ ನಿಲ್ಲದು. ಕುಲ್ಫಿಯಲ್ಲಿ ದಾರಿಯಿದೆ. ತಣ್ಣಗಿನ ಪದಾರ್ಥದಲ್ಲಿ ಸಿಹಿಯೂ ವಾಸನೆಯೂ ಮಂದವಾಗುವುದರಿಂದ ಕುಡಿಯುವ ಚಹಾಕ್ಕಿಂತ ಎರಡು ಪಟ್ಟು ಖಡಕ್ ಎಲೆಯನ್ನು ಬಿಸಿ ಹಾಲಿನಲ್ಲಿ ನೆನೆಸಿ, ಸೋಸಿ, ಆಮೇಲೆ ಬತ್ತಿಸಬೇಕು. ಎಮ್ಮೆ ಹಾಲಿನ ಕೊಬ್ಬು ಇಲ್ಲಿ ಉಪಕಾರಿ, ಪರಿಮಳವನ್ನು ಹಿಡಿದಿಟ್ಟುಕೊಂಡು ಬಾಯಲ್ಲಿ ಕರಗುವಾಗ ಬಿಡುತ್ತದೆ. ಸಕ್ಕರೆಯ ಬದಲು ಜೇನಿನ ಬಣ್ಣದ ಬೆಲ್ಲ, ಅದೂ ಹಾಲು ಪೂರ್ತಿ ಆರಿದ ಮೇಲೆ. ನಮ್ಮ ಕಡೆಯ ಕುಲ್ಫಿ ಗಾಡಿಯವರು ಒಮ್ಮೆ ಕೈ ಹಾಕಿ ನೋಡಬೇಕಾದ ಕೆಲಸವಿದು.

ಗಾಣಗಳ ಹಂಗಾಮು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿಗೆ ಶುರುವಾಗುತ್ತದೆ. ಚಳಿಗೆ ಕಬ್ಬಿನಲ್ಲಿ ಸಿಹಿ ಕೂಡುವುದರಿಂದ ಸಂಕ್ರಾಂತಿಯ ಹೊತ್ತಿನ ಬೆಲ್ಲ ಚಹಾಕ್ಕೆ ಎಲ್ಲಕ್ಕಿಂತ ಮೇಲು, ವರ್ಷಕ್ಕಾಗುವಷ್ಟು ತುಂಬಿಡುವವರು ಅದನ್ನೇ ತುಂಬಿಡಬೇಕು. ಮಳೆ ಹಿಡಿದ ಮೇಲೆ ಅದೇ ಬೆಲ್ಲ ಗಾಳಿಯ ತೇವ ಕುಡಿದು ಬೆವರುತ್ತದೆ, ಮೆತ್ತಗಾಗುತ್ತದೆ, ಒಳಗೊಳಗೇ ಹುದುಗುತ್ತದೆ. ಆಷಾಢದಲ್ಲಿ ಚಹಾ ಒಡೆದರೆ ಹಾಲು ಹಾಕುವವರನ್ನು ಬೈಯುವ ಮೊದಲು ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ. ಹುಳಿ ವಾಸನೆ ಬಂದರೆ ಆ ಬೆಲ್ಲವನ್ನು ಹಾಲಿಲ್ಲದ ಡಿಕಾಕ್ಷನ್ನಿಗೆ ಇಟ್ಟುಕೊಳ್ಳಿ. ಒಂದು ತುಂಡು ಅಲ್ಲ ಜಜ್ಜಿ ಹಾಕಿದರೆ ಆ ಹುಳಿಯೂ ಚಹಾಕ್ಕೆ ಒಪ್ಪುತ್ತದೆ.